5 ಎಚ್‌ಪಿ ತೆಗೆದು 3 ಹಾಕಿದೆ, ಟ್ಯಾಂಕ್ ಅಷ್ಟೇ ಹೊತ್ತಿಗೆ ತುಂಬುತ್ತಿದೆ

ಮುಂಬೈ ಹತ್ತಿರದ ಡೊಂಬಿವಲಿಯ ಏಳು ಮಹಡಿಯ ಹೌಸಿಂಗ್ ಸೊಸೈಟಿ. ಟೆರೇಸಿನ ಟ್ಯಾಂಕಿಗೆ ನೀರೇರಿಸಲು 5 ಎಚ್‌ಪಿ (ಹಾರ್ಸ್‌ಪವರ್) ಪಂಪ್, ಬಿಲ್ ಜಾಸ್ತಿ, ಆಗಾಗ ಟ್ರಿಪ್ ಬೇರೆ. ನಾನು ಹೋಗುವ ಮುಂಚೆಯೇ ಫುಟ್ ವಾಲ್ವ್ ಬದಲಿಸಿ, ಮೋಟಾರ್ ರಿವೈಂಡಿಂಗ್ ಮಾಡಿಸಿ ಸುಮಾರು ₹12,000 ಕಳೆದಿದ್ದರು, ಏನೂ ಪ್ರಯೋಜನವಾಗಿರಲಿಲ್ಲ. ಒಬ್ಬ ಕಾಂಟ್ರಾಕ್ಟರ್ 7.5 ಎಚ್‌ಪಿ ಹಾಕಿಸಿ, ₹50,000 ಆಗುತ್ತದೆ ಅಂದಿದ್ದ. ನಾನು 3 ಸಾಕು ಅಂದೆ. ಸೆಕ್ರೆಟರಿ ಕುಂದಾಪುರ ಕಡೆಯವರು, "ಲೆಕ್ಕ ಹಾಕಿದ್ರೆ ನೀರು ಮೇಲೆ ಹೋಗ್ತದಾ ಮಾರಾಯಾ?" ಅಂದರು.

ಲೆಕ್ಕ ಇಷ್ಟೇ. ದಾರಕ್ಕೆ ನಟ್ ಕಟ್ಟಿ ಟೆರೇಸಿನಿಂದ ಇಳಿಬಿಟ್ಟೆ. ಕೆಳಗಿನ ಟ್ಯಾಂಕಿನ ನೀರಿನ ಮಟ್ಟದಿಂದ ಮೇಲಿನ ಪೈಪಿನ ಬಾಯಿಯವರೆಗೆ 26 ಮೀಟರ್ ಬಂತು. ಮಹಡಿ ಎಣಿಸಿ ಗುಣಿಸುವವರಿಗೆ ಈ ಅಂಕಿ ಸಿಗುವುದಿಲ್ಲ. ಮೇಲಿನ ಟ್ಯಾಂಕ್ ತುಂಬಲು 10,000 ಲೀಟರ್ ನೀರು, ಅಂದರೆ 10,000 ಕೆಜಿ. ಅದನ್ನು 9.8ರಿಂದ, ಆಮೇಲೆ 26ರಿಂದ ಗುಣಿಸಿದರೆ ಕೆಲಸ ಸುಮಾರು 25 ಲಕ್ಷ ಜೂಲ್. ತುಂಬಲು 50 ನಿಮಿಷ, ಅಂದರೆ 3,000 ಸೆಕೆಂಡ್. ಭಾಗಿಸಿದರೆ 850 ವ್ಯಾಟ್ ಆಸುಪಾಸು. ಒಂದು ಎಚ್‌ಪಿ 746 ವ್ಯಾಟ್ ಅಲ್ವಾ, ನೀರಿಗೆ ಸಿಗುತ್ತಿದ್ದದ್ದು ಒಂದು ಎಚ್‌ಪಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ!

ಮೋಟಾರ್ ಎಷ್ಟು ತಿನ್ನುತ್ತಿದೆ ಅಂತ ರಾತ್ರಿ ಲಿಫ್ಟ್, ಮೆಟ್ಟಿಲ ಲೈಟು ಎಲ್ಲ ಆರಿಸಿ ಮೀಟರಿನ ಕೆಂಪು ದೀಪದ ಮಿಣುಕು ಎಣಿಸಿದೆ. ಯೂನಿಟ್ಟಿಗೆ 800 ಮಿಣುಕಿನ ಮೀಟರ್, ನಿಮಿಷಕ್ಕೆ 53 ಬಂತು, ಅಂದರೆ 4 ಕಿಲೋವ್ಯಾಟ್. ಐದರಲ್ಲಿ ಒಂದು ಪಾಲು ಮಾತ್ರ ನೀರಿಗೆ.

ಕಾರಣ ಗೇಟ್ ವಾಲ್ವ್, ಅಂದರೆ ಪೈಪಿನಲ್ಲಿ ಹರಿವು ಬಿಡುವ, ತಡೆಯುವ ವಾಲ್ವ್. ಪಂಪು ಇದಕ್ಕಿಂತ ತುಂಬಾ ಎತ್ತರದ ಕಟ್ಟಡಕ್ಕೆ ತಕ್ಕದ್ದು. ವಾಲ್ವ್ ಪೂರ್ತಿ ತೆಗೆದರೆ ನೀರು ವಿಪರೀತ ಹರಿದು ಮೋಟಾರ್ ಓವರ್‌ಲೋಡ್ ಆಗಿ ಟ್ರಿಪ್ ಆಗುತ್ತಿತ್ತು. ಹಾಗಾಗಿ ಯಾರೋ ಅರ್ಧ ಮುಚ್ಚಿಟ್ಟಿದ್ದರು, ಆ ವಾಲ್ವ್‌ನಲ್ಲೇ ಕರೆಂಟ್ ಸುಟ್ಟುಹೋಗುತ್ತಿತ್ತು. 7.5 ಹಾಕಿದ್ದರೆ ಟ್ರಿಪ್ ನಿಲ್ಲುತ್ತಿತ್ತು, ಬಿಲ್ ಏರುತ್ತಿತ್ತು.

ನಡುವೆ ಸುಮ್ನೆ ಒಂದು ಪ್ರಯೋಗ. ಸೆಕ್ರೆಟರಿ ಮಗಳು 40 ಕೆಜಿ, 20 ಮೀಟರ್ ಮೆಟ್ಟಿಲು ಸುಮಾರು 45 ಸೆಕೆಂಡಿಗೆ ಹತ್ತಿದಳು. 174 ವ್ಯಾಟ್, ಹತ್ತಿರ ಹತ್ತಿರ ಕಾಲು ಎಚ್‌ಪಿ. ಆಮೇಲೆ ಎರಡರಷ್ಟು ಹೊತ್ತು ತೆಗೆದುಕೊಂಡು ನಿಧಾನ ಹತ್ತಿಸಿದೆ. ಕೆಲಸ ಅಷ್ಟೇ, ಪವರ್ ಅರ್ಧ. ಅವರಪ್ಪನಿಗೆ ನಂಬಿಕೆ ಬಂದದ್ದು ಆಗಲೇ.

30 ಮೀಟರ್ ಹೆಡ್ಡಿನ, ಅಂದರೆ ಅಷ್ಟು ಎತ್ತರಕ್ಕೆ ನೀರೇರಿಸಲು ತಕ್ಕ, 3 ಎಚ್‌ಪಿ ಪಂಪ್ ಹಾಕಿದೆ, ಎಲ್ಲ ಸೇರಿ ₹25,000 ಆಸುಪಾಸು. ಬೆಂಡು, ಎಲ್ಬೋಗಳಿಗೆ ಎಷ್ಟು ಮೀಟರ್ ಸೇರಿಸುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಬರೆಯುವುದಿಲ್ಲ. ಈಗ ವಾಲ್ವ್ ಪೂರ್ತಿ ತೆರೆದಿದೆ, ಅದೇ 50 ನಿಮಿಷ, ಒಮ್ಮೆ ತುಂಬಲು 3.3 ಯೂನಿಟ್ ಇದ್ದದ್ದು 1.9ಕ್ಕೆ ಇಳಿದಿದೆ. ದಿನಕ್ಕೆ ಎರಡು ಸಲ ತುಂಬಿಸುತ್ತಾರೆ, ತಿಂಗಳಿಗೆ 80 ಯೂನಿಟ್ ಮೇಲೆಯೇ ಉಳಿತಾಯ. ಟ್ರಿಪ್ ಒಂದೂ ಆಗಿಲ್ಲ.

ಪಕ್ಕದ ವಿಂಗಿನವರು ಇದೇ ಪಂಪ್ ಬೇಕು ಅಂತ ಕೂತಿದ್ದಾರೆ. ಅಲ್ಲಿ ಎತ್ತರ 32 ಮೀಟರ್, ಇದು ಸಾಲುವುದಿಲ್ಲ. ಮಿಣುಕು ಎಣಿಸಿದ ಮೇಲೆ ಎಚ್‌ಪಿ ಹೇಳುತ್ತೇನೆ ಅಂದಿದ್ದೇನೆ.