ಹಳೆ ಟ್ರಕ್ಕಿನ ಫ್ಯೂಯಲ್ ಗೇಜ್ ಏಳುತ್ತಿಲ್ಲವೇ? ಮೊದಲು ಅರ್ತಿಂಗ್ ನೋಡಿ

ಹಳೆ ಟ್ರಕ್ಕನ್ನು ಪೂರ್ತಿ ಬಿಚ್ಚಿ, ತುಕ್ಕು ತೆಗೆದು, ಪೇಂಟ್ ಹೊಡೆದು ನಿಲ್ಲಿಸುತ್ತಾರೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಫ್ಯೂಯಲ್ ಗೇಜಿನ ಮುಳ್ಳು ಮಾತ್ರ ಅಲ್ಲಾಡುವುದಿಲ್ಲ. ಆಗ ಹೆಚ್ಚಿನವರು ಗೇಜ್ ಹೋಗಿದೆ ಎಂದು ಹೊಸದು ತರಿಸುತ್ತಾರೆ. ಅದೂ ಅಲ್ಲಾಡುವುದಿಲ್ಲ. ತಪ್ಪು ಗೇಜಿನದಲ್ಲ, ಹೊಸದಾಗಿ ಹೊಡೆದ ಪೇಂಟಿನದು.

ಇಲ್ಲಿರುವುದು ಮೂರೇ ಭಾಗ. ಡ್ಯಾಶ್‌ಬೋರ್ಡಿನಲ್ಲಿ ಗೇಜ್, ಟ್ಯಾಂಕಿನ ಮೇಲೆ ಫ್ಲೋಟ್ ಇರುವ ಯೂನಿಟ್, ಎರಡರ ನಡುವೆ ಒಂದು ವೈರ್. ಪೆಟ್ರೋಲ್ ಏರಿ ಇಳಿದಂತೆ ಫ್ಲೋಟಿನ ತೋಳು ಯೂನಿಟ್ಟಿನ ರೆಸಿಸ್ಟೆನ್ಸ್ ಬದಲಿಸುತ್ತದೆ. ಗೇಜಿನಿಂದ ಬಂದ ಕರೆಂಟು ಈ ಯೂನಿಟ್ ದಾಟಿ, ಟ್ಯಾಂಕಿನ ಮೈಮೇಲಿಂದ ಚಾಸಿಸ್ಸಿಗೆ ಹೋಗಿ ಬ್ಯಾಟರಿ ಸೇರಬೇಕು. ಈ ಕೊನೆಯ ದಾರಿಯನ್ನೇ ಎಲ್ಲರೂ ಮರೆಯುವುದು.

ಮೊದಲ ಹೆಜ್ಜೆ: ವೈರಿನ ಪರೀಕ್ಷೆ

ಗಾಳಿ ಆಡುವ ಜಾಗದಲ್ಲಿ, ಟ್ಯಾಂಕಿನ ಬಾಯಿ ಮುಚ್ಚಿಟ್ಟುಕೊಂಡು ಕೆಲಸ ಶುರು ಮಾಡಿ. ಯೂನಿಟ್ಟಿನಿಂದ ವೈರ್ ಬಿಚ್ಚಿ, ಕೀ ಆನ್ ಮಾಡಿ ಮುಳ್ಳು ನೋಡಿ. ಕೀ ಆಫ್ ಮಾಡಿ. ಈಗ ಆ ವೈರನ್ನು ಟ್ಯಾಂಕಿನಿಂದ ದೂರ, ಚಾಸಿಸ್ಸಿನ ಬರಿ ಲೋಹಕ್ಕೆ ಕ್ಲಿಪ್ ಹಾಕಿ ಮತ್ತೆ ಆನ್ ಮಾಡಿ. ಕ್ಲಿಪ್ ಮೊದಲು, ಕೀ ಆಮೇಲೆ. ಟ್ಯಾಂಕಿನ ಪಕ್ಕ ಕಿಡಿ ಹಾರಿಸುವುದು ಆಟವಲ್ಲ.

ಷೆವರ್ಲೆ, ಜಿಎಂಸಿ ಟ್ರಕ್ಕುಗಳಲ್ಲಿ ವೈರ್ ಬಿಚ್ಚಿದಾಗ ಮುಳ್ಳು ಫುಲ್ ದಾಟಬೇಕು, ಅರ್ತ್ ಮಾಡಿದಾಗ ಎಂಪ್ಟಿಗೆ ಇಳಿಯಬೇಕು. ಫೋರ್ಡ್‌ನಲ್ಲಿ ಇದು ಉಲ್ಟಾ. ಅಲ್ಲಿ ಗೇಜಿನೊಳಗೆ ಬಿಸಿಯಾಗಿ ಬಾಗುವ ಪಟ್ಟಿ ಇರುವುದರಿಂದ ಮುಳ್ಳು ನಿಧಾನಕ್ಕೆ ಏರುತ್ತದೆ. ಏರತೊಡಗಿದ ಕೂಡಲೇ ಕೀ ಆಫ್ ಮಾಡಿ, ಹಾಗೇ ಬಿಟ್ಟರೆ ಗೇಜ್ ಸುಡುತ್ತದೆ. ಎರಡೂ ಕಡೆ ಮುಳ್ಳು ಓಡಿದರೆ ಗೇಜೂ ಸರಿ, ವೈರೂ ಸರಿ. ಹೊಸ ಗೇಜಿನ ಯೋಚನೆ ಬಿಡಿ.

ಎರಡನೇ ಹೆಜ್ಜೆ: ಅರ್ತಿಂಗ್

ಇಲ್ಲಿ ಅವಸರ ಬೇಡ. ಬ್ಯಾಟರಿ ಕೇಬಲ್ ಬಿಚ್ಚಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು, ಒಂದು ಕಡ್ಡಿಯನ್ನು ಯೂನಿಟ್ಟಿನ ಅಂಚಿಗೆ, ಇನ್ನೊಂದನ್ನು ಚಾಸಿಸ್ಸಿನ ಬರಿ ಲೋಹಕ್ಕೆ ಒತ್ತಿ. ಹೆಚ್ಚುಕಡಿಮೆ ಸೊನ್ನೆ ಬರಬೇಕು. ಐದೋ ಹತ್ತೋ ಓಮ್ ತೋರಿಸಿದರೂ ಗೇಜ್ ಸುಳ್ಳು ಹೇಳುತ್ತದೆ. ಯಾಕೆಂದರೆ ಖಾಲಿಯಿಂದ ಫುಲ್‌ವರೆಗೆ ಯೂನಿಟ್ಟಿನ ಪೂರ್ತಿ ಓಟವೇ ಕೆಲವು ಟ್ರಕ್ಕುಗಳಲ್ಲಿ 30 ಓಮ್.

ಮೊದಲು ಟ್ಯಾಂಕು ಚಾಸಿಸ್ಸಿಗೆ ಲೋಹಕ್ಕೆ ಲೋಹ ತಾಗಿಕೊಂಡಿತ್ತು. ಈಗ ನೀವು ಟ್ಯಾಂಕಿಗೆ ಪೌಡರ್ ಕೋಟಿಂಗ್ ಮಾಡಿಸಿದ್ದೀರಿ, ಪಟ್ಟಿಗಳ ಕೆಳಗೆ ಹೊಸ ರಬ್ಬರ್ ಹಾಕಿದ್ದೀರಿ. ಕರೆಂಟಿಗೆ ದಾರಿಯೇ ಇಲ್ಲ. ಟ್ಯಾಂಕು ಸೀಟಿನ ಹಿಂದೆ ಕ್ಯಾಬಿನ್ ಒಳಗಿರುವ ಟ್ರಕ್ಕಾದರೆ ಕ್ಯಾಬಿನ್ನೂ ರಬ್ಬರ್ ಮೇಲೆ ಕೂತಿರುತ್ತದೆ. ಆಗ ಕ್ಯಾಬಿನ್ನಿನಿಂದ ಚಾಸಿಸ್ಸಿಗೆ ಬೇರೆ ಅರ್ತ್ ಪಟ್ಟಿಯೂ ಬೇಕು.

ಪರಿಹಾರ ಒಂದೇ, ಯೂನಿಟ್ಟಿಗೆ ಅದರದೇ ಅರ್ತ್ ವೈರ್. ಯೂನಿಟ್ಟಿನ ಒಂದು ಸ್ಕ್ರೂ ಕೆಳಗೆ ರಿಂಗ್ ಟರ್ಮಿನಲ್ ಕೂರಿಸಿ. ಇನ್ನೊಂದು ತುದಿಗೆ ಚಾಸಿಸ್ಸಿನ ಬೋಲ್ಟ್ ಸುತ್ತ ನಾಣ್ಯದಗಲ ಪೇಂಟನ್ನು ಕೆರೆಯಿರಿ. ಬೂದು ಪ್ರೈಮರ್ ಕಂಡರೆ ಸಾಲದು, ಲೋಹ ಹೊಳೆಯಬೇಕು. ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ, ಮತ್ತೆ ಓಮ್ ನೋಡಿ, ಆಮೇಲೆ ಮೇಲಿಂದ ಪೇಂಟ್ ತಾಗಿಸಿ. ಟ್ಯಾಂಕ್ ಪಟ್ಟಿಯ ಬೋಲ್ಟಿಗೆ ಸುಮ್ನೆ ವೈರ್ ಸುತ್ತಿ ಬಿಡುವವರಿದ್ದಾರೆ. ಆ ಪಟ್ಟಿಗೂ ಪೇಂಟ್ ಹೊಡೆದಿರುತ್ತೀರಿ, ಅಲ್ವಾ?

ಫೋರ್ಡ್‌ನಲ್ಲಿ ಇನ್ನೊಂದು ಗುಟ್ಟಿದೆ. 1956ರಲ್ಲಿ 12 ವೋಲ್ಟ್ ಬಂದ ಮೇಲೆ ಡ್ಯಾಶ್‌ಬೋರ್ಡ್ ಹಿಂದೆ ಸಣ್ಣ ವೋಲ್ಟೇಜ್ ರೆಗ್ಯುಲೇಟರ್ ಇಟ್ಟರು. ಅದು ಗೇಜುಗಳಿಗೆ ಸರಾಸರಿ 5 ವೋಲ್ಟ್ ಕೊಡುತ್ತದೆ. ಅದಕ್ಕೂ ಅದರ ಡಬ್ಬಿಯ ಮೂಲಕವೇ ಅರ್ತ್ ಸಿಗಬೇಕು. ಪೇಂಟ್ ಅಡ್ಡ ಬಂದರೆ ಪೂರ್ತಿ 12 ವೋಲ್ಟ್ ನುಗ್ಗುತ್ತದೆ. ಫ್ಯೂಯಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಮೇಲೇರಿದರೆ ಕೀ ಆಫ್ ಮಾಡಿ ಮೊದಲು ಇದನ್ನು ನೋಡಿ.

ಮೂರನೇ ಹೆಜ್ಜೆ: ಯೂನಿಟ್

ಅರ್ತಿಂಗ್ ಸರಿಯಾದ ಮೇಲೂ ಗೇಜ್ ಏಳದಿದ್ದರೆ ಯೂನಿಟ್ ಹೊರಗೆ ತೆಗೆಯಿರಿ. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಗುಳುಗುಳು ಎಂದರೆ ತೂತು ಬಿದ್ದಿದೆ. ಹಿತ್ತಾಳೆ ಫ್ಲೋಟಿಗೆ ಬೆಸುಗೆ ಹಾಕುತ್ತೇನೆ ಎನ್ನುವವರಿಗೆ ನನ್ನ ಮಾತು: ಬೇಡ. ಒಳಗೆ ಪೆಟ್ರೋಲ್ ಆವಿ ಇರುತ್ತದೆ, ಬೆಸುಗೆ ಜಾಸ್ತಿಯಾದರೆ ತೂಕವೂ ಕೆಡುತ್ತದೆ. ಹೊಸ ಫ್ಲೋಟ್ ಹಾಕಿ. ಕಾರ್ಕ್ ಫ್ಲೋಟ್ ಇದ್ದರೂ ಬದಲಿಸಿ. ಅದಕ್ಕೆ ಬಳಿದ ಅರಗನ್ನು ಎಥನಾಲ್ ಬೆರೆತ ಪೆಟ್ರೋಲ್ ಕರಗಿಸುತ್ತದೆ.

ಆಮೇಲೆ ಟರ್ಮಿನಲ್‌ಗೆ ಒಂದು, ಅಂಚಿಗೆ ಒಂದು ಕಡ್ಡಿ ಹಿಡಿದು ತೋಳನ್ನು ನಿಧಾನ ಎತ್ತಿ. ಇದಕ್ಕೆ ನಾನು ಮುಳ್ಳಿನ ಮೀಟರನ್ನೇ ಮೆಚ್ಚುತ್ತೇನೆ. ನಡುವೆ ಸಂಪರ್ಕ ತಪ್ಪಿದರೆ ಮುಳ್ಳು ಬೆಚ್ಚಿಬೀಳುವುದು ಕಣ್ಣಿಗೆ ಕಾಣುತ್ತದೆ. ಡಿಜಿಟಲ್‌ನಲ್ಲಿ ಅಂಕಿಗಳು ಕುಣಿಯುತ್ತವೆ, ಅಷ್ಟೇ. ಕೊಳೆ ಇದ್ದರೆ ಕಾಂಟ್ಯಾಕ್ಟ್ ಕ್ಲೀನರ್, ಮೆತ್ತನೆ ಬ್ರಷ್ ಸಾಕು. ಉಪ್ಪುಕಾಗದ ಹಾಕಿದಿರೋ, ಸುತ್ತಿರುವ ಕೂದಲೆಳೆಯ ತಂತಿ ಹರಿಯಿತು.

ಹೊಸ ಯೂನಿಟ್ ಕೊಳ್ಳುವುದಾದರೆ ಓಮ್ ಕೇಳಿ ಕೊಳ್ಳಿ. 1960ರ ದಶಕದ ಮಧ್ಯದವರೆಗಿನ ಜನರಲ್ ಮೋಟರ್ಸ್ (ಷೆವರ್ಲೆ, ಜಿಎಂಸಿ) ಗೇಜಿಗೆ ಖಾಲಿಗೆ 0, ತುಂಬಿದ್ದಕ್ಕೆ 30. ನಂತರದ್ದಕ್ಕೆ 0 ಮತ್ತು 90. 12 ವೋಲ್ಟಿನ ಫೋರ್ಡ್‌ಗೆ ಖಾಲಿಗೆ ಸುಮಾರು 73, ತುಂಬಿದ್ದಕ್ಕೆ 10. 'ಎಲ್ಲ ಗಾಡಿಗೂ ಹೊಂದುತ್ತದೆ' ಎಂದು ಮಾರುವ ಯೂನಿಟ್ಟುಗಳಲ್ಲಿ ಹಲವು ಖಾಲಿಗೆ 240, ತುಂಬಿದ್ದಕ್ಕೆ 33 ಇರುತ್ತವೆ. ಮೇಲಿನ ಯಾವುದಕ್ಕೂ ಅವು ಹೊಂದುವುದಿಲ್ಲ.

ಜೋಡಣೆ

ಟ್ಯಾಂಕಿಗೆ ಇಳಿಸುವ ಮೊದಲು ಹೊರಗೇ ವೈರೂ ಅರ್ತೂ ಸಿಕ್ಕಿಸಿ, ಬಾಯಿ ತೆರೆದ ಟ್ಯಾಂಕಿನಿಂದ ದೂರ ಹಿಡಿದು, ಕೀ ಆನ್ ಮಾಡಿ ತೋಳು ಎತ್ತಿ ನೋಡಿ. ಟ್ಯಾಂಕಿನೊಳಗೆ ಅಡ್ಡ ತಗಡು ಇದ್ದರೆ ತೋಳು ಯಾವ ಕಡೆ ಬೀಸುತ್ತದೆ ಎಂದೂ ಗಮನಿಸಿ. ಹೊಸ ಗ್ಯಾಸ್ಕೆಟ್ ಹಾಕಿ. ಮಾಮೂಲಿ ಸಿಲಿಕೋನ್ ಮೆತ್ತಬೇಡಿ. ಪೆಟ್ರೋಲಿಗೆ ಅದು ಉಬ್ಬಿ ಕಿತ್ತು ಬಂದು ಫಿಲ್ಟರ್ ಸೇರುತ್ತದೆ.

6 ವೋಲ್ಟಿನ ಟ್ರಕ್ಕನ್ನು 12ಕ್ಕೆ ಬದಲಿಸಿದ್ದರೆ ಗೇಜಿಗೆ ಬರುವ ಕರೆಂಟಿನ ದಾರಿಯಲ್ಲಿ ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಹಾಕಿ.

ಕೊನೆಗೆ ಪೆಟ್ರೋಲನ್ನು ಐದೈದು ಲೀಟರಿನಂತೆ ಸುರಿದು ಮುಳ್ಳು ಎಲ್ಲಿದೆ ಎಂದು ಬರೆದಿಟ್ಟುಕೊಳ್ಳಿ. ಅರ್ಧಕ್ಕೆ ಸ್ವಲ್ಪ ಆಚೀಚೆ ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. ಎಂಪ್ಟಿ ತೋರಿಸುವಾಗ ಮಾತ್ರ ಟ್ಯಾಂಕಿನಲ್ಲಿ ಕೆಲವು ಲೀಟರ್ ಉಳಿದಿರಬೇಕು. ಉಳಿಯದಿದ್ದರೆ ಯೂನಿಟ್ ಮತ್ತೆ ತೆಗೆದು ಫ್ಲೋಟಿನ ತೋಳನ್ನು ಒಂಚೂರು ಮೇಲಕ್ಕೆ ಬಗ್ಗಿಸಿ. ಪೆಟ್ರೋಲ್ ಇನ್ನೂ ಇರುವಾಗಲೇ ತೋಳು ಕೊನೆ ಮುಟ್ಟುತ್ತದೆ. ಬಗ್ಗಿಸುವಾಗ ತೋಳಿನ ಬುಡವನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಹಿಡಿದಿರಿ, ಒತ್ತಡ ಯೂನಿಟ್ಟಿನ ಮೇಲೆ ಬೀಳಬಾರದು.