ಪ್ರೋಟೀನ್ ಇಲ್ಲದ ವೆಲ್ ನೇರಳೆಯಾದ ದಿನ

ಆರು ಸ್ಯಾಂಪಲ್, ಎಲ್ಲದರಲ್ಲೂ 10 ಮೈಕ್ರೋಗ್ರಾಂ ಪ್ರೋಟೀನ್ ಹಾಕಿದ್ದೇನೆ ಅಂತ ನಂಬಿದ್ದೆ. ವೆಸ್ಟರ್ನ್ ಬ್ಲಾಟ್ (ಜೆಲ್‌ನಲ್ಲಿ ಪ್ರೋಟೀನ್‌ಗಳನ್ನು ಬೇರ್ಪಡಿಸಿ, ಬೇಕಾದದ್ದನ್ನು ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ನೋಡಿದರೆ ಆಕ್ಟಿನ್ ಅನ್ನುವ ಪ್ರೋಟೀನಿನ ಬ್ಯಾಂಡ್ ಒಂದು ಲೇನ್‌ನಲ್ಲಿ ದಪ್ಪ, ಪಕ್ಕದ್ದರಲ್ಲಿ ಕಂಡೂ ಕಾಣದ ಹಾಗೆ. ಒಂದೇ ಜಾತಿಯ ಜೀವಕೋಶ, ಆಕ್ಟಿನ್ ಹೆಚ್ಚುಕಡಿಮೆ ಸಮ ಬರಬೇಕು, ಅಲ್ವಾ? ಮೊದಲು ಜೆಲ್ ಮೇಲೆ ಅನುಮಾನ ಪಟ್ಟೆ. ಆಮೇಲೆ ಆಂಟಿಬಾಡಿ ಮೇಲೆ. ಎರಡು ವಾರ ಹಾಗೇ ಹೋಯಿತು. ಸ್ಯಾಂಪಲ್‌ಗಳ ಪ್ರೋಟೀನ್ ಅಳೆದುಕೊಟ್ಟ ಪ್ಲೇಟ್ ರೀಡರ್ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ. ಮೂರು ದಶಮಾಂಶದವರೆಗೆ ಅಂಕಿ ಕೊಡುವ ಯಂತ್ರ ಅದು!

ನಾನು ಮಾಡುತ್ತಿದ್ದದ್ದು ಬಿಸಿಎ ವಿಧಾನ, ಬಣ್ಣ ನೋಡಿ ಪ್ರೋಟೀನ್ ಎಷ್ಟಿದೆ ಅಂತ ಅಳೆಯುವುದು. 96 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟ್‌ನಲ್ಲಿ 25 ಮೈಕ್ರೋಲೀಟರ್ ಸ್ಯಾಂಪಲ್, ಅದಕ್ಕೆ 200 ಮೈಕ್ರೋಲೀಟರ್ ಹಸಿರು ರೀಏಜೆಂಟ್. 37 ಡಿಗ್ರಿಯಲ್ಲಿ ಅರ್ಧ ಗಂಟೆ. ರೀಏಜೆಂಟ್‌ನಲ್ಲಿ ತಾಮ್ರ ಇರುತ್ತದೆ. ಪ್ರೋಟೀನ್ ಅದಕ್ಕೆ ಎಲೆಕ್ಟ್ರಾನ್ ಕೊಟ್ಟರೆ ನೇರಳೆ ಬಣ್ಣ ಬರುತ್ತದೆ. ಆ ಬಣ್ಣವನ್ನು 562 ನ್ಯಾನೋಮೀಟರ್‌ನಲ್ಲಿ ಓದಿ, ಪಕ್ಕದಲ್ಲಿಟ್ಟ, ಪ್ರಮಾಣ ಮೊದಲೇ ಗೊತ್ತಿರುವ ಬಿಎಸ್ಎ ಪ್ರೋಟೀನಿನ ಸ್ಟ್ಯಾಂಡರ್ಡ್‌ಗಳ ಗೆರೆಗೆ ಹೋಲಿಸಿದರೆ ಉತ್ತರ ಸಿಗುತ್ತದೆ.

ಲ್ಯಾಬಿನ ಸೀನಿಯರ್ ಅಕ್ಕ ನನ್ನ ನೋಟ್‌ಬುಕ್ ತಿರುವಿ ಒಂದೇ ಪ್ರಶ್ನೆ ಕೇಳಿದರು: "ಬ್ಲಾಂಕ್‌ಗೆ ಏನು ಹಾಕಿದ್ದೀಯ?" ಬ್ಲಾಂಕ್ ಅಂದರೆ ಸೊನ್ನೆ ಎಲ್ಲಿದೆ ಅಂತ ತೋರಿಸುವ, ಪ್ರೋಟೀನ್ ಇಲ್ಲದ ವೆಲ್.

"ನೀರು, ಅಕ್ಕ."

"ಸ್ಯಾಂಪಲ್ ನೀರಲ್ಲಿದೆಯಾ?"

ಇರಲಿಲ್ಲ. ಕೋಶ ಒಡೆಯುವ ಬಫರ್ ಅನ್ನುವ ದ್ರಾವಣದಲ್ಲಿತ್ತು. ಅವತ್ತೇ ಮೂರು ವೆಲ್‌ಗೆ ಬರೀ ಬಫರ್ ಹಾಕಿ ನೋಡಿದೆ, ಒಂದು ಚೂರೂ ಪ್ರೋಟೀನ್ ಇಲ್ಲದೆ. ಅರ್ಧ ಗಂಟೆ ಬಿಟ್ಟು ತೆಗೆದರೆ ಮೂರೂ ನೇರಳೆ ಹಣ್ಣು ತಿಂದ ನಾಲಿಗೆ ಥರ! ಬಫರ್‌ಗೆ ಡಿಟಿಟಿ ಸೇರಿಸಿದ್ದೆ, ಪ್ರೋಟೀನಿನೊಳಗಿನ ಗಂಧಕದ ಕೊಂಡಿಗಳನ್ನು ಬಿಡಿಸುವ ರಾಸಾಯನಿಕ. ಡಿಟಿಟಿ ಕೂಡ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುತ್ತದೆ. ಕೊಟ್ಟವರು ಯಾರು ಅಂತ ಬಣ್ಣಕ್ಕೆ ಗೊತ್ತಾಗುವುದಿಲ್ಲ. ಯಂತ್ರಕ್ಕಂತೂ ಬೆಳಕು ಬಿಟ್ಟು ಬೇರೇನೂ ಕಾಣುವುದಿಲ್ಲ.

ಆದರೂ ಒಂದು ವಿಷಯ ತಲೆಗೆ ಹತ್ತಲಿಲ್ಲ. ತಪ್ಪು ಎಲ್ಲ ಸ್ಯಾಂಪಲ್‌ಗೂ ಒಂದೇ ಅಲ್ವಾ, ಹಾಗಾದರೆ ಬ್ಯಾಂಡ್ ಯಾಕೆ ಏರುಪೇರು? ಪೇಪರ್ ಮೇಲೆ ಲೆಕ್ಕ ಹಾಕಿದಾಗ ಅರ್ಥವಾಯಿತು. ಎರಡು ಸ್ಯಾಂಪಲ್‌ಗಳಲ್ಲಿ ನಿಜವಾಗಿ ಇರುವುದು ಮಿಲಿಲೀಟರಿಗೆ 0.3 ಮತ್ತು 1.2 ಮಿಲಿಗ್ರಾಂ ಅಂದುಕೊಳ್ಳಿ. ಡಿಟಿಟಿ ಎರಡಕ್ಕೂ 0.5 ಸೇರಿಸಿದರೆ ನಮಗೆ ಕಾಣುವುದು 0.8 ಮತ್ತು 1.7. ಅದನ್ನು ನಂಬಿ 10 ಮೈಕ್ರೋಗ್ರಾಂ ಲೆಕ್ಕದಲ್ಲಿ ಹಾಕಿದರೆ ಮೊದಲನೆಯದು 12.5 ಮೈಕ್ರೋಲೀಟರ್, ಎರಡನೆಯದು ಸುಮಾರು 5.9. ನಿಜಕ್ಕೂ ಜೆಲ್‌ಗೆ ಹೋಗಿದ್ದು? ಒಂದರಲ್ಲಿ 3.75 ಮೈಕ್ರೋಗ್ರಾಂ, ಇನ್ನೊಂದರಲ್ಲಿ ಸುಮಾರು 7. ತೆಳು ಸ್ಯಾಂಪಲ್‌ಗೇ ಪೆಟ್ಟು ಜಾಸ್ತಿ.

ಬ್ರಾಡ್‌ಫೋರ್ಡ್‌ಗೆ ಹೋಗೋಣ ಅಂತಲೂ ಯೋಚಿಸಿದೆ. 1976ರಿಂದ ಇರುವ ವಿಧಾನ, ಐದೇ ನಿಮಿಷದ ಕೆಲಸ, ಡಿಟಿಟಿ ಇದ್ದರೂ ತಕರಾರಿಲ್ಲ. ಆದರೆ ನನ್ನ ಬಫರ್‌ನಲ್ಲಿ ಶೇ. 1ರಷ್ಟು ಟ್ರೈಟಾನ್ ಇತ್ತು. ಬ್ರಾಡ್‌ಫೋರ್ಡ್‌ಗೆ ಅಷ್ಟು ಡಿಟರ್ಜೆಂಟ್ ಆಗಿಬರುವುದಿಲ್ಲ. ಸ್ಯಾಂಪಲ್ಲನ್ನು ಹತ್ತು ಪಟ್ಟು ತೆಳು ಮಾಡಬಹುದಿತ್ತು, ಆದರೆ ಅದು ಮೊದಲೇ ತೆಳು. ಕೊನೆಗೆ ಸುಲಭದ ದಾರಿ ಹಿಡಿದೆ. ಕೋಶ ಒಡೆಯುವಾಗ ಡಿಟಿಟಿ ಹಾಕುವುದನ್ನೇ ಬಿಟ್ಟೆ. ಜೆಲ್‌ಗೆ ಹಾಕುವ ಮುಂಚೆ ಬೆರೆಸುವ ಲೋಡಿಂಗ್ ಬಫರ್‌ನಲ್ಲಿ ಅದು ಹೇಗೂ ಇದ್ದೇ ಇರುತ್ತದೆ. ಬ್ಲಾಂಕ್ ಮತ್ತು ಸ್ಟ್ಯಾಂಡರ್ಡ್ ಎರಡನ್ನೂ ಈಗ ಅದೇ ಬಫರ್‌ನಲ್ಲಿ ಮಾಡುತ್ತೇನೆ.

ಈ ಗಲಾಟೆಯಲ್ಲಿ ಗುಳ್ಳೆಗಳ ಕಥೆಯೂ ಗೊತ್ತಾಯಿತು. ಕ್ಯುವೆಟ್ ಅನ್ನುವ ಪುಟ್ಟ ಚೌಕ ಪಾತ್ರೆಯಲ್ಲಿ ಬೆಳಕು ಅಡ್ಡಕ್ಕೆ ಹೋಗುತ್ತದೆ, ದಾರಿ ಬದಲಾಗುವುದಿಲ್ಲ, ಸಾಮಾನ್ಯವಾಗಿ ಒಂದು ಸೆಂಟಿಮೀಟರ್. ಪ್ಲೇಟ್‌ನಲ್ಲಿ ಅದು ಮೇಲಿಂದ ಕೆಳಕ್ಕೋ ಕೆಳಗಿಂದ ಮೇಲಕ್ಕೋ ಹೋಗುತ್ತದೆ. ಹಾಗಾಗಿ ವೆಲ್‌ನಲ್ಲಿ ಎಷ್ಟು ದ್ರವ ಇದೆಯೋ ಅದೇ ದಾರಿಯ ಉದ್ದ. ರೀಏಜೆಂಟ್ ಸ್ವಲ್ಪ ಹೆಚ್ಚುಕಮ್ಮಿ ಆದರೂ ಓದು ಬದಲಾಗುತ್ತದೆ, ಮೇಲೊಂದು ಗುಳ್ಳೆ ಕೂತರೆ ಬೆಳಕು ಚೆದುರುತ್ತದೆ. ನಾನು ಪಿಪೆಟ್ಟನ್ನು ಎರಡನೇ ತಡೆಯವರೆಗೂ ಒತ್ತಿ ಪುಸ್ ಅಂತ ಗಾಳಿ ಬಿಡುತ್ತಿದ್ದೆ, ಗುಳ್ಳೆ ಅಲ್ಲಿಂದಲೇ. ಈಗ ಮೊದಲ ತಡೆಗೇ ನಿಲ್ಲಿಸುತ್ತೇನೆ. ಆದರೂ ಉಳಿದರೆ ಸಿರಿಂಜಿನ ಹೊಸ ಸೂಜಿಯಿಂದ ಚುಚ್ಚುತ್ತೇನೆ, ಒಂದು ವೆಲ್ಲಿಂದ ಇನ್ನೊಂದಕ್ಕೆ ಹೋಗುವಾಗ ಒರೆಸಿಕೊಂಡು.

ಆ ಆರನ್ನೂ ಹೊಸದಾಗಿ ತಯಾರಿಸಿ ಮತ್ತೆ ಅಳೆದೆ. ಅಂಕಿಗಳು ಮೊದಲಿಗಿಂತ ತೀರಾ ಕಡಿಮೆ ಬಂದವು, ನೋಡಿ ಹೊಟ್ಟೆ ಉರಿಯಿತು. ಬ್ಲಾಟ್‌ನಲ್ಲಿ ಆಕ್ಟಿನ್ ಮಾತ್ರ ಆರೂ ಲೇನ್‌ನಲ್ಲಿ ಸಮ ಇತ್ತು.