ಹೆಜ್ಜಾರ್ಲೆಯ ಗೋಡೆ ಮತ್ತು ನಲ್ಲಿ ಮನೆಯವರು

ನಮ್ಮ ಬಡಾವಣೆಯವರು ಸೇರಿ ಚಿತ್ರ ಬರೆದ ಮೊದಲ ಗೋಡೆ ಮುಗಿದಾಗ ನಡೆಸಿದ ಸನ್ಮಾನ ಸಮಾರಂಭವನ್ನು ನೆನೆದರೆ ಇವತ್ತಿಗೂ ನನಗೆ ಮುಜುಗರವಾಗುತ್ತದೆ. ಮೈಸೂರಿನಲ್ಲಿ ಸನ್ಮಾನವೆಂದರೆ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಇವಿಷ್ಟೂ ಇರಲೇಬೇಕೆಂಬ ವಾಡಿಕೆಯಂತೆ ನಾವೂ ಎಲ್ಲವನ್ನೂ ತಂದಿದ್ದೆವು. ಆದರೆ ಅವನ್ನು ತೊಡಿಸಿಕೊಂಡ ಗಣ್ಯರಲ್ಲಿ ಒಬ್ಬರೂ ಆ ಗೋಡೆಗೆ ಕುಂಚ ಮುಟ್ಟಿಸಿದವರಾಗಿರಲಿಲ್ಲ. ಮುಟ್ಟಿಸಿದವರು ಹಿಂದಿನ ಸಾಲಿನಲ್ಲಿ ನಿಂತು ಎರಡು ಗಂಟೆ ಭಾಷಣ ಕೇಳಿದರು. ಕೊನೆಗೆ ಅವರಿಗೆ ಹಂಚಿದ ಪ್ರಮಾಣಪತ್ರಗಳನ್ನು ಹಿಂದಿನ ರಾತ್ರಿ ವಾಟ್ಸಾಪ್ ಗುಂಪಿನ ಹೆಸರುಗಳನ್ನು ನೋಡಿ ಅವಸರದಲ್ಲಿ ಮುದ್ರಿಸಿದ್ದರಿಂದ, ಆ ಗುಂಪಿನಲ್ಲಿ ಇಲ್ಲದವರು ಪಟ್ಟಿಯಲ್ಲೂ ಇರಲಿಲ್ಲ. ಮೂರು ವಾರ ತಮ್ಮ ಮನೆಯ ನಲ್ಲಿಯಿಂದ ನಮಗೆ ನೀರು ಕೊಟ್ಟ ಎದುರು ಮನೆಯ ಅಕ್ಕನ ಬಳಿ ಸ್ಮಾರ್ಟ್‌ಫೋನ್ ಇರಲಿಲ್ಲ. ಮರುದಿನ ಕ್ಷಮೆ ಕೇಳಲು ಹೋದಾಗ ಅವರು, "ನಂದೇನು ಬಿಡಿ ಮೇಷ್ಟ್ರೇ, ನೀರು ತಾನೆ ಕೊಟ್ಟಿದ್ದು" ಎಂದು ಒಳಗೆ ಹೋಗಿ ಕಾಫಿ ತಂದರು. ಅವರು ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಪ್ರೌಢಶಾಲೆಯಲ್ಲಿ ಬಹಳ ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ಮಕ್ಕಳ ಚಿತ್ರ ನೋಡಿ ಬರೀ "ಚೆನ್ನಾಗಿದೆ" ಎಂದರೆ ಅವರಿಗೆ ಏನೂ ಸಿಗುವುದಿಲ್ಲ, "ಈ ಎಲೆಯ ನೆರಳನ್ನು ಸರಿಯಾಗಿ ಹಿಡಿದಿದ್ದೀಯ" ಎಂದರೆ ಮಾತ್ರ ಮುಖ ಅರಳುತ್ತದೆ ಎಂಬುದನ್ನು ತರಗತಿಯಲ್ಲಿ ಕಂಡಿದ್ದವನು, ದೊಡ್ಡವರ ವಿಷಯದಲ್ಲಿ ಅದನ್ನು ಮರೆತಿದ್ದೆ. ಆದ್ದರಿಂದ ಎರಡನೆಯ ಗೋಡೆಗೆ ಕೈಹಾಕುವ ಮೊದಲೇ ಕೃತಜ್ಞತೆಯ ಕೆಲಸವನ್ನು ಕೊನೆಯ ದಿನಕ್ಕೆ ಉಳಿಸಬಾರದೆಂದು ನಿಶ್ಚಯಿಸಿದೆ.

ಎರಡನೆಯದು ಅದೇ ಬೀದಿಯ ಕಟ್ಟಡವೊಂದರ, ರಸ್ತೆಗೆ ಮುಖಮಾಡಿದ ಗೋಡೆ: 40 ಅಡಿ ಉದ್ದ, 18 ಅಡಿ ಎತ್ತರ. ಅಲ್ಲಿಂದ ಕುಕ್ಕರಹಳ್ಳಿ ಕೆರೆ ನಡೆದುಹೋಗುವಷ್ಟು ಹತ್ತಿರ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಆ ಕೆರೆಯ ಹಕ್ಕಿಗಳನ್ನೇ ಬರೆಯೋಣವೆಂದು ಬೀದಿಯವರೆಲ್ಲ ಒಪ್ಪಿದರು. ಎತ್ತರದಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್‌ಗಳು), ಬದಿಯಲ್ಲಿ ಬಣ್ಣದ ಕೊಕ್ಕರೆಗಳು, ಮತ್ತು ಅವೆರಡೂ ಗೂಡು ಕಟ್ಟುವ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ನೆನಪಿಗೆ ಒಂದು ಹುಣಿಸೆ ಮರ. ಮಳೆಗಾಲದ ತೇವ ಪೂರ್ತಿ ಆರಲೆಂದು ಜನವರಿಯವರೆಗೆ ಕಾದೆವು. ಬಿಸಿಲೇರಿದರೆ ಬಣ್ಣ ಕುಂಚದಲ್ಲೇ ಒಣಗುವುದರಿಂದ ಬೆಳಿಗ್ಗೆ ಆರೂವರೆಯಿಂದ ಹತ್ತರವರೆಗೆ ಮಾತ್ರ ಕೆಲಸ. ಪಾಚಿ ಕೆರೆಯುವುದು, ಪುಟ್ಟಿ ತುಂಬುವುದು, ಎಮರಿ ಪೇಪರಿನಿಂದ ಉಜ್ಜುವುದು, ಪ್ರೈಮರ್ ಬಳಿಯುವುದು, ಆಮೇಲೆ ನೀಲಿ ಪುಡಿ ಹಚ್ಚಿದ ದಾರ ಬಡಿದು ಒಂದೊಂದು ಅಡಿಯ ಚೌಕ ಹಾಕುವುದು: ಚಿತ್ರ ಶುರುವಾಗುವ ಮೊದಲೇ ಮುಕ್ಕಾಲು ಪಾಲು ಶ್ರಮ ಮುಗಿದಿರುತ್ತದೆ. ಛಾಯಾಚಿತ್ರದಲ್ಲಿ ಕಾಣಿಸುವುದು ಉಳಿದ ಕಾಲು ಪಾಲು ಮಾತ್ರ, ಮತ್ತು ಮೆಚ್ಚುಗೆಯೂ ಸಾಮಾನ್ಯವಾಗಿ ಅಷ್ಟಕ್ಕೇ ಸಲ್ಲುತ್ತದೆ.

ಈ ಅನ್ಯಾಯಕ್ಕೆ ನಾನು ಕಂಡುಕೊಂಡ ಉಪಾಯ ಇನ್ನೂರು ಪುಟದ ಒಂದು ಉದ್ದ ನೋಟ್‌ಬುಕ್. ದಿನವೂ ಕುಂಚಗಳನ್ನು ತೊಳೆಯುವ ಹೊತ್ತಿಗೆ, ಗೋಡೆಯ ಬಳಿಯೇ ಕುಳಿತು, ಆ ದಿನ ಯಾರು ಯಾವ ಕೆಲಸ ಮಾಡಿದರೆಂದು ತಲಾ ಒಂದು ಸಾಲು ಬರೆಯುತ್ತಿದ್ದೆ. ಹಾಜರಿ ಪುಸ್ತಕದಂತೆ ಬಂದರು, ಹೋದರು ಎಂದಲ್ಲ. "ಎರಡನೇ ಸಾಲಿನ ಚೌಕಗಳು ಓರೆಯಾಗಿದ್ದುದನ್ನು ಮೊದಲು ಗಮನಿಸಿದವಳು", "ಡಬ್ಬಿಗಳ ಮುಚ್ಚಳ ಹಾಕಿ ಬಣ್ಣ ಕೆನೆಗಟ್ಟದಂತೆ ನೋಡಿಕೊಂಡವನು", "ಹದಿನಾಲ್ಕು ಕೊಡ ನೀರು" ಎಂಬಂತಹ ಸಾಲುಗಳು. ಬರೆದುದನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ಮನೆಗೆ ಹೋಗುತ್ತಿದ್ದೆವು, ಅದಕ್ಕೆ ಐದು ನಿಮಿಷ ಸಾಕಾಗುತ್ತಿತ್ತು. ಮೊದಲೆರಡು ದಿನ ನಾಚಿಕೊಂಡವರು ಮೂರನೆಯ ದಿನದಿಂದ, "ಮೇಷ್ಟ್ರೇ, ಏಣಿ ಹಿಡಿದವನದ್ದು ಬಿಟ್ಟುಹೋಯಿತು" ಎಂದು ಒಬ್ಬರ ಪರವಾಗಿ ಇನ್ನೊಬ್ಬರು ಜ್ಞಾಪಿಸತೊಡಗಿದರು.

ಇಷ್ಟೆಲ್ಲ ಮಾಡಿಯೂ ನಾನೊಂದು ದೊಡ್ಡ ತಪ್ಪು ಮಾಡಿದೆ. ನಿವೃತ್ತ ಗುಮಾಸ್ತರೊಬ್ಬರು ಒಂದು ಬೆಳಿಗ್ಗೆಯೆಲ್ಲ ಕುಳಿತು ಬಣ್ಣದ ಕೊಕ್ಕರೆಯ ರೆಕ್ಕೆಯನ್ನು ತುಂಬಿದ್ದರು. ಹಿಂಗರಿಗಳ ಗುಲಾಬಿ ಬಣ್ಣ ತುಸು ಹೆಚ್ಚಾಗಿ, ರೆಕ್ಕೆಯ ಅಂಚು ನನ್ನ ಗೆರೆಯನ್ನು ದಾಟಿ ಒಂದು ಬೆರಳಿನಷ್ಟು ಹೊರಗೆ ಬಂದಿತ್ತು. ಎದುರಿಗೆ "ಬಹಳ ಚೆನ್ನಾಗಿದೆ ಸಾರ್" ಎಂದವನು, ಸಂಜೆ ಒಬ್ಬನೇ ಬಂದು ಬಿಳಿ ಬಳಿದು ಅಂಚನ್ನು ತಿದ್ದಿದೆ. ಮರುದಿನ ಅವರು ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ, ಏನೂ ಹೇಳದೆ, ತಮ್ಮ ಕುಂಚವನ್ನು ಡಬ್ಬಿಯ ಮೇಲೆ ಅಡ್ಡಲಾಗಿ ಇಟ್ಟು ಹೊರಟುಹೋದರು. ಅವರ ಮನೆಗೆ ಎರಡು ಸಲ ಹೋಗಬೇಕಾಯಿತು. ಎರಡನೆಯ ಸಲ, "ತಿದ್ದಬೇಕಾಗಿದ್ದರೆ ನನ್ನ ಕೈಯಲ್ಲೇ ತಿದ್ದಿಸಬಹುದಿತ್ತಲ್ಲ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನೂರು ಮಾತಿನ ಹೊಗಳಿಕೆಯನ್ನು ಕದ್ದು ಹೊಡೆದ ಒಂದು ಬಿಳಿ ಗೆರೆ ಅಳಿಸಿಹಾಕುತ್ತದೆ. ಅಂದಿನಿಂದ, ತಿದ್ದುವುದಿದ್ದರೆ ಬರೆದವರ ಎದುರಿಗೆ, ಅವರ ಕೈಯಿಂದಲೇ ಎಂಬುದನ್ನು ನಿಯಮ ಮಾಡಿಕೊಂಡೆವು. ಗೆರೆ ದಾಟಿದ ಕೆಲವು ಗರಿಗಳು ಹಾಗೆಯೇ ಉಳಿದಿವೆ, ಮತ್ತು ರಸ್ತೆಯಿಂದ ನೋಡಿದರೆ ನನಗೂ ಅವು ಯಾವುವೆಂದು ತಕ್ಷಣ ತಿಳಿಯುವುದಿಲ್ಲ.

ಇನ್ನೊಂದು ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿದೆ. ದಿನಗೂಲಿಯಿಂದ ಬದುಕುವವರ ದುಡಿಮೆಯನ್ನು ಸೇವೆಯೆಂದು ಕರೆದು ಶಾಲು ಹೊದಿಸಿ ಕಳುಹಿಸುವುದು ಮೆಚ್ಚುಗೆಯಲ್ಲ. ನಮಗೆ ಸಾರುವೆ ಕಟ್ಟಿಕೊಟ್ಟ ಬಣ್ಣದ ಮೇಸ್ತ್ರಿಗೆ ಅವರ ಅಂದಿನ ಕೂಲಿಯನ್ನು ಪೂರ್ತಿ ಕೊಟ್ಟೆವು. ಆಮೇಲೆ ಭಾನುವಾರಗಳಲ್ಲಿ ಅವರು ತಾವಾಗಿಯೇ ಬಂದು ಮಕ್ಕಳಿಗೆ ರೋಲರ್ ಹಿಡಿಯಲು ಕಲಿಸಿದ್ದು ಬೇರೆ ಲೆಕ್ಕ, ಅದು ನೋಟ್‌ಬುಕ್ಕಿಗೆ ಸೇರಿತು. ಹಾಗೆಯೇ, ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಹತ್ತಿರದಲ್ಲಿ ಶೌಚಾಲಯದ ಏರ್ಪಾಡು, ಎಂಟೂವರೆಗೆ ಬಿಸಿ ಉಪ್ಪಿಟ್ಟು, ನೀರಿನ ಗುಡಾಣ ಇವಿಲ್ಲದಿದ್ದರೆ ಯಾವ ಸ್ಮರಣಿಕೆಯೂ ಅದನ್ನು ಸರಿದೂಗಿಸಲಾರದು.

ಕಾಲೇಜು ಹುಡುಗರ ಅಗತ್ಯ ಬೇರೆಯೇ. ರಾಷ್ಟ್ರೀಯ ಸೇವಾ ಯೋಜನೆಯಲ್ಲಿರುವವರು ಎರಡು ವರ್ಷದಲ್ಲಿ 240 ಗಂಟೆಗಳ ಸೇವೆ ಪೂರೈಸಬೇಕಾಗಿರುವುದರಿಂದ, ಅವರಿಗೆ ಬೇಕಾದದ್ದು ಬಂಗಾರದಂಚಿನ ಪ್ರಮಾಣಪತ್ರವಲ್ಲ, ದಿನಾಂಕ, ಗಂಟೆ ಮತ್ತು ಮಾಡಿದ ಕೆಲಸವನ್ನು ಸ್ಪಷ್ಟವಾಗಿ ತಿಳಿಸುವ ಒಂದು ಪತ್ರ. ನೋಟ್‌ಬುಕ್ ಇದ್ದುದರಿಂದ ಒಬ್ಬೊಬ್ಬರಿಗೂ ಬೇರೆ ಬೇರೆ ಪತ್ರ ಬರೆಯಲು ಸಾಧ್ಯವಾಯಿತು.

ಗೋಡೆ ಮುಗಿದ ಮೇಲೆ ಸಮಾರಂಭ ಮಾಡಲಿಲ್ಲ. ಆ ಹಣದಲ್ಲಿ ಒಂದು ಭಾನುವಾರ ಮಿನಿ ಬಸ್ ಮಾಡಿಕೊಂಡು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆ ಅರಮನೆಯ ಪಡುವಣ ಗೋಡೆಯಲ್ಲಿ 1780ರ ಪೊಳ್ಳಿಲೂರು ಕದನದ ಚಿತ್ರವಿದೆ. ಆನೆ, ಕುದುರೆ, ಸಾಲುಸಾಲು ಸಿಪಾಯಿಗಳು, ನಡುವೆ ಪಲ್ಲಕ್ಕಿಯಲ್ಲಿ, ಆ ಕದನದಲ್ಲಿ ಸೋತ ಬ್ರಿಟಿಷ್ ದಳದ ನಾಯಕ ಕರ್ನಲ್ ಬೈಲಿ. ಶಾಲೆಯ ಮಕ್ಕಳೊಡನೆ ಹತ್ತಾರು ಸಲ ನೋಡಿದ್ದ ಚಿತ್ರ ಅದು. ಆದರೆ ಈ ಸಲ ಜೊತೆಗಿದ್ದವರು ತಾವೂ ಗೋಡೆಯೊಂದನ್ನು ಮುಗಿಸಿ ಬಂದಿದ್ದರಿಂದ ಕೇಳಿದ ಪ್ರಶ್ನೆಗಳೇ ಬೇರೆಯಾಗಿದ್ದವು. ಒಬ್ಬರು ಕುದುರೆಗಳ ಕಾಲುಗಳನ್ನು ಎಣಿಸಿದರು. ಮೇಸ್ತ್ರಿ ಮಾತ್ರ ಕತ್ತೆತ್ತಿ ಮೇಲಿನ ಸಾಲನ್ನೇ ಬಹಳ ಹೊತ್ತು ನೋಡಿ, "ಇವರಿಗೆ ಸಾರುವೆ ಕಟ್ಟಿಕೊಟ್ಟವನು ಯಾರೋ ಮೇಷ್ಟ್ರೇ" ಎಂದರು. ಪಲ್ಲಕ್ಕಿಯಲ್ಲಿ ಕುಳಿತವನ ಹೆಸರು ಹೇಳಿದವನಿಗೆ ಅದನ್ನು ಹೇಳಲಾಗಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗಲೇ ನಮ್ಮ ಗೋಡೆಯ ಬಲ ಮೂಲೆಯಲ್ಲಿ ಎಲ್ಲರ ಹೆಸರೂ ಇರಬೇಕೆಂದು ತೀರ್ಮಾನವಾಯಿತು. ದೊಡ್ಡವರು, ಚಿಕ್ಕವರು, ಹಣ ಕೊಟ್ಟವರು ಎಂಬ ಭೇದ ಬಾರದಂತೆ ಅಕಾರಾದಿಯಾಗಿ, ಎಲ್ಲವೂ ಒಂದೇ ಗಾತ್ರದಲ್ಲಿ, ಸಾಧ್ಯವಾದಷ್ಟು ಅವರವರ ಕೈಬರಹದಲ್ಲೇ. ಕಾಗುಣಿತ ತಪ್ಪಿದರೆ ಹೊಣೆ ಅವರದೇ ಎಂದು ನಗುತ್ತಾ ಹೇಳಿದೆ. ಎದುರು ಮನೆಯ ಅಕ್ಕ ಈ ಸಲವೂ ನೀರು ಕೊಟ್ಟಿದ್ದರು. ಹೆಸರು ಬರೆಯಲು ಕರೆದಾಗ, "ನನ್ನ ಹೆಸರು ಈ ಬೀದಿಯಲ್ಲಿ ಯಾರಿಗೆ ಗೊತ್ತು, ನಲ್ಲಿ ಮನೆಯವರು ಅಂತ ಬರೀರಿ" ಎಂದು ಹಠ ಹಿಡಿದರು. 'ನ'ಕಾರದಲ್ಲಿ ಅದಕ್ಕೇ ಜಾಗ ಮಾಡಿದೆವು.

ಕಳೆದ ಮಳೆಗಾಲ ಮುಗಿದ ಮೇಲೆ ಅವರೇ ಪಕ್ಕದ ಮನೆಯ ಹುಡುಗನಿಂದ ನನಗೆ ಫೋನ್ ಮಾಡಿಸಿದರು. ಚರಂಡಿಯ ನೀರು ಸಿಡಿದು ಕೆಳಗಿನ ಹೆಜ್ಜಾರ್ಲೆಯ ಹೊಟ್ಟೆಯ ಬಳಿ ಬಣ್ಣ ಹಕ್ಕಳೆದ್ದಿತ್ತು. ಆ ಬೂದು ಬಣ್ಣವನ್ನು ಮತ್ತೆ ಹೊಂದಿಸುವುದು ಹೇಗೆಂದು ನೋಟ್‌ಬುಕ್ ತೆಗೆದರೆ, ಮೆಚ್ಚಿಕೊಂಡು ಬರೆದಿದ್ದ ಒಂದು ಸಾಲಿನಲ್ಲೇ ಉತ್ತರವಿತ್ತು: "ಬಿಳಿ ನಾಲ್ಕು ಲೋಟ, ಕಪ್ಪು ಒಂದು ಚಮಚ, ಕಂದು ಎರಡು ಚಮಚ, ಮೂರು ಸಲ ಕೆಡಿಸಿ ನಾಲ್ಕನೆಯ ಸಲ ಗೆದ್ದವನು." ಆ ಹುಡುಗ ಈಗ ಮಂಡ್ಯದಲ್ಲಿ ಕೆಲಸದಲ್ಲಿದ್ದಾನೆ. ಭಾನುವಾರ ಮೊದಲ ಬಸ್ಸಿಗೇ ಬಂದ. ನಾವು ಗೋಡೆಯ ಬಳಿ ಸೇರುವ ಹೊತ್ತಿಗೆ ಎದುರು ಮನೆಯ ಮೆಟ್ಟಿಲ ಮೇಲೆ ಎರಡು ಕೊಡ ನೀರು ತುಂಬಿಸಿ ಇಟ್ಟಾಗಿತ್ತು.